ಹೆಸರಿಗೊಂದು ಟೋಪಿ

“ನಾನು ಮಾಡಿದ್ದಾಗಿದ್ರೆ ಓದಿದೋರಿಗೆ ನಗು ಬರ್ತಿತ್ತು,” ಎಂದಳು ಸೆವ್ದಾ. “ಇದನ್ನ ಓದಿ ನಿಮಗೆ ನಗು ಬಂತಾ?”

ಇನ್ಸ್‌ಪೆಕ್ಟರ್ ಲುಡ್ವಿಕ್ ಪಿರ್ನಾತ್ ಮೇಜಿನ ಮೇಲೆ ಹರಡಿದ್ದ ಭಿತ್ತಿಪತ್ರವನ್ನು ಇನ್ನೊಮ್ಮೆ ನೋಡಿದ. ನಗು ಬರಲಿಲ್ಲ. ಆರು ದಿನಗಳಿಂದ ಅದನ್ನೇ ನೋಡಿ ನೋಡಿ ಅವನ ಕಣ್ಣು ಸೋತಿತ್ತು.

ಕಪ್ಪು ಅಂಚಿನ ಶೋಕಪತ್ರ. ಸ್ಲೊವೇನಿಯನ್ನರ ಊರಾದ ಲ್ಯುಬ್ಲ್ಯಾನಾದಲ್ಲಿ ಯಾರಾದರೂ ತೀರಿಕೊಂಡರೆ ಓಣಿಯ ಹಲಗೆಗೆ ಅಂಟಿಸುತ್ತಾರಲ್ಲ, ಅಂಥದ್ದೇ. ನಡುವೆ ಯುವಜನ ಸಂಸ್ಕೃತಿ ಭವನದ ನಿರ್ದೇಶಕ ಬೊಗೊಮೀರ್ ಲಾವ್ತಾರನ ಫೋಟೋ. ಅದರ ಕೆಳಗೆ, ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಅಕ್ಷರಗಳಲ್ಲಿ, ಕಾಮ್ರೇಡ್ ಲಾವ್ತಾರ್ ೧೯೮೩ರ ನವೆಂಬರ್ ಒಂದರಂದು ನಮ್ಮನ್ನಗಲಿದರು ಎಂಬ ಒಕ್ಕಣೆ.

ಪತ್ರ ಊರಿನ ನಲವತ್ತು ಕಡೆ ಕಾಣಿಸಿಕೊಂಡಾಗ ಲಾವ್ತಾರ್ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದ. ನೆರೆಯ ಮುದುಕಿಯರು ಮೋಂಬತ್ತಿ ಹಿಡಿದು ಅವನ ಬಾಗಿಲಿಗೆ ಬಂದಾಗ ಉರಿದುಬಿದ್ದು, ತನ್ನ ಸಾವಿನ ಸುದ್ದಿಯನ್ನು ತಾನೇ ಕಿತ್ತುಹಾಕಲು ಮೂಲೆಯ ಹಲಗೆಗೆ ಹೋದ. ಆ ಸಂಜೆ ಅದೇ ಹಲಗೆಯ ಬುಡದಲ್ಲಿ ಯಾರೋ ಅವನ ತಲೆ ಒಡೆದು ಕೊಂದರು. ನವೆಂಬರ್ ಒಂದು ಸತ್ತವರ ದಿನ. ಊರಿಗೆ ಊರೇ ಹೂವು ದೀಪ ಹಿಡಿದು ಸ್ಮಶಾನಕ್ಕೆ ಹೋಗಿತ್ತು. ಬೀದಿಯಲ್ಲಿ ಕಂಡವರು ಒಬ್ಬರೂ ಇಲ್ಲ.

ಪತ್ರದ ತಳದಲ್ಲಿ ಮಾತ್ರ, ದುಃಖತಪ್ತರ ಹೆಸರು ಬರೆಯುವ ಜಾಗದಲ್ಲಿ, ಒಂದೇ ಒಂದು ಹೆಸರಿತ್ತು. ಪೊಲೀಸರಿಗೆ ಅಷ್ಟು ಸಾಕಾಗಿತ್ತು.

ಸೆವ್ದಾ ಬುಕ್ವಿಚ್‌ಗೆ ಇಪ್ಪತ್ತಮೂರು ವರ್ಷ. ತಲೆಯ ಒಂದು ಮಗ್ಗುಲು ಬೋಳು, ಇನ್ನೊಂದು ಮಗ್ಗುಲಿಗೆ ಮಸಿ ಬಣ್ಣ. ಪಂಕ್ ಹುಡುಗಿ, ಅಬ್ಬರದ ಸಂಗೀತ ಹಚ್ಚಿಕೊಂಡ ಬಂಡುಕೋರರ ಗುಂಪಿನವಳು. ಅವಳ ಜಾಕೆಟ್ಟನ್ನು ಹಿಡಿದಿಟ್ಟಿದ್ದ ಮೂವತ್ತು ಪಿನ್ನುಗಳನ್ನೂ ಕಾವಲಿನವರು ಕಿತ್ತುಕೊಂಡಿದ್ದರಿಂದ ಅದೀಗ ಎರಡೂ ಕಡೆ ಜೋತುಬಿದ್ದಿತ್ತು. ಅವಳು ಅದನ್ನು ಒಂದು ಕೈಯಲ್ಲಿ ಎದೆಗೆ ಒತ್ತಿ ಹಿಡಿದು ಕೂತಿದ್ದಳು.

ಊರಿಗೆ ಅವಳು ಗೊತ್ತಿದ್ದದ್ದೇ ಸುಳ್ಳು ಶೋಕಪತ್ರಗಳಿಂದ. ಅಂಗಡಿಗಳಲ್ಲಿ ಕಾಫಿ ಸಿಗದೇಹೋದಾಗ ಕಾಫಿಗೊಂದು ಶೋಕಪತ್ರ: ‘ದೀರ್ಘಕಾಲದ ಅಭಾವದಿಂದ ನರಳಿ, ಸರದಿಯಲ್ಲಿ ನಿಂತವರ ಕಣ್ಣೆದುರೇ ತೀರಿಕೊಂಡಿತು.’ ಬಟ್ಟೆ ಸೋಪಿಗೊಂದು. ಪಂಚವಾರ್ಷಿಕ ಯೋಜನೆಗೊಂದು. ಓದಿದವರು ಆಚೀಚೆ ನೋಡಿ, ಪೊಲೀಸಿನವರಿಲ್ಲವೆಂದು ಖಾತ್ರಿ ಮಾಡಿಕೊಂಡು ನಗುತ್ತಿದ್ದರು. ಸೆಪ್ಟೆಂಬರಿನಲ್ಲಿ ಅವಳ ಪ್ರದರ್ಶನದ ಬಾಗಿಲಿಗೆ ಬೀಗ ಹಾಕಿಸಿದವನು ಇದೇ ಲಾವ್ತಾರ್.

“ಕಾಫಿದು ಮಾಡ್ದಾಗ ನಂಗೆ ನಿಜವಾಗ್ಲೂ ದುಃಖ ಆಗಿತ್ತು,” ಎಂದಳು. “ದುಃಖ ಇಲ್ದೆ ಶೋಕಪತ್ರ ಮಾಡಕ್ಕಾಗಲ್ಲ, ಇನ್ಸ್‌ಪೆಕ್ಟರೇ. ಸುಳ್ಳು ಶೋಕಪತ್ರ ಅಂತೂ ಆಗೋದೇ ಇಲ್ಲ. ಇದ್ನ ಮಾಡಿದೋನಿಗೆ ದುಃಖಾನೂ ಇಲ್ಲ, ತಮಾಷೆನೂ ಇಲ್ಲ. ಕತ್ತರಿ ನೋಡಿ. ಸರ್ಕಾರಿ ಕತ್ತರಿ. ಅಂಚು ಹೆಂಗೆ ನೆಟ್ಟಗಿದೆ. ನಾನು ಬ್ಲೇಡಲ್ಲಿ ಕುಯ್ಯೋದು.”

“ಕತ್ತರಿ ನೋಡಿ ನ್ಯಾಯಾಧೀಶರು ಬಿಡಲ್ಲಮ್ಮ.”

“ಮತ್ತೆ ಏನು ನೋಡಿ ಬಿಡ್ತಾರೆ?”

ಅದೇ ಪಿರ್ನಾತನ ತಲೆಬಿಸಿ. ಬೆಳಿಗ್ಗೆ ತನಿಖಾ ನ್ಯಾಯಾಧೀಶೆ ಹೆಲೆನಾ ಹ್ರೆನ್ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: ಈ ಪತ್ರ ಮಾಡಬಹುದಾದ ಇನ್ನೊಬ್ಬ ಮನುಷ್ಯನನ್ನು ಮಧ್ಯಾಹ್ನ ಎರಡು ಗಂಟೆಯೊಳಗೆ ತೋರಿಸು, ಹುಡುಗಿಯನ್ನು ಸಂಜೆಗೇ ಬಿಡುತ್ತೇನೆ, ತೋರಿಸದಿದ್ದರೆ ಕೊಲೆಯ ಆರೋಪ, ಇಪ್ಪತ್ತು ವರ್ಷ. ಈಗ ಗಂಟೆ ಹನ್ನೊಂದು.

“ನನ್ನ ಕೇಳ್ಕೊಂಡು ಯಾರಾದ್ರೂ ಬಂದಿದ್ರಾ?” ಸೆವ್ದಾ ಕಿಟಕಿಯ ಕಡೆ ನೋಡುತ್ತ ಕೇಳಿದಳು. ಹೊರಗೆ ಮಂಜು ಬಿಟ್ಟರೆ ಬೇರೇನೂ ಇರಲಿಲ್ಲ.

“ಇಲ್ಲ.”

“ಬ್ಯಾಂಡಿನೋರು?”

ಪಿರ್ನಾತ್ ಹೇಳಬಾರದೆಂದುಕೊಂಡ. ಆದರೂ ಹೇಳಿದ. “ನಿನ್ನ ಸರಿಯಾಗಿ ಪರಿಚಯ ಇಲ್ಲ ಅಂತ ಮೂವರೂ ಬರ್ಕೊಟ್ಟಿದಾರೆ.”

ಅವಳು ಜಾಕೆಟ್ಟನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದಳು. “ಅವರ ಪೋಸ್ಟರೆಲ್ಲ ನಾನೇ ಮಾಡಿದ್ದು. ಮೂರು ವರ್ಷ. ಸಹಿ ಮಾಡೋವಾಗ ತಮ್ಮ ಹೆಸರನ್ನಾದ್ರೂ ಕಾಗುಣಿತ ತಪ್ಪಿಲ್ದೆ ಬರ್ದಿದ್ರಾ?”

“ನಿಮ್ಮಪ್ಪಂಗೆ ತಂತಿ ಕಳ್ಸಿದೀವಿ.”

“ಅಪ್ಪ ಇರಾಕ್‌ನಲ್ಲಿ ಸೇತುವೆ ಕಟ್ತಿದಾನೆ. ಬಸ್ರಾದಿಂದ ಆಚೆ. ಅಲ್ಲಿಗೆ ತಂತಿ ಹೋಗೋ ಹೊತ್ತಿಗೆ ನಂಗೆ ಮದ್ವೆ ಆಗಿ ಮಕ್ಕಳಾಗಿರ್ತಾವೆ.”

ಪಿರ್ನಾತ್ ನಕ್ಕ. ನಕ್ಕಮೇಲೆ ಅವನಿಗೊಂದು ವಿಷಯ ಹೊಳೆದು ಕಸಿವಿಸಿಯಾಯಿತು. ಈ ವರ್ಷ ಅವನು ಯಾರೊಂದಿಗಾದರೂ ಇಷ್ಟು ಮಾತಾಡಿದ್ದರೆ ಅದು ಈ ಆರು ದಿನಗಳಲ್ಲಿ, ಈ ಕೈದಿಯೊಂದಿಗೆ. ಅವನಿಗೆ ಐವತ್ತೆಂಟು. ಹೆಂಡತಿ ಹನ್ನೆರಡು ವರ್ಷದ ಹಿಂದೆಯೇ ಗಡಿಯಾಚೆ ತ್ರಿಯೆಸ್ತೆಗೆ ಹೋಗಿ ಅಲ್ಲಿನವನೊಬ್ಬನ ಕೈ ಹಿಡಿದಿದ್ದಳು. ಆಮೇಲೆ ಅವನ ಮನೆಯ ಕರೆಗಂಟೆ ಒತ್ತಿದವರೆಂದರೆ ಮೀಟರ್ ನೋಡುವವನು ಮಾತ್ರ. ಹುಡುಗಿ ಜೈಲಿಗೆ ಹೋದರೆ ಈ ಮಾತೂ ನಿಂತುಹೋಗುತ್ತದೆ ಎಂದು ಯೋಚಿಸಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

“ನನ್ನ ಬೆಂಕಿಪೊಟ್ಟಣ ಎಲ್ಲಿ?” ಎಂದಳು ಸೆವ್ದಾ ಇದ್ದಕ್ಕಿದ್ದಂತೆ.

“ಸಿಗರೇಟ್ ಸೇದೋ ಹಾಗಿಲ್ಲ ಇಲ್ಲಿ.”

“ಸೇದೋಕಲ್ಲ. ನನ್ನ ಕೋಣೆಯಿಂದ ತಂದ್ರಲ್ಲ, ಅದರಲ್ಲಿತ್ತು. ತೆಗೆದು ನೋಡಿದ್ರಾ?”

ಜಪ್ತಿ ಮಾಡಿದ ಸಾಮಾನು ಮೂಲೆಯ ಪೆಟ್ಟಿಗೆಯಲ್ಲೇ ಇತ್ತು. ಪಟ್ಟಿಯಲ್ಲಿ ‘ಬೆಂಕಿಪೊಟ್ಟಣ, ಒಂದು, ಕಾಗದದ ಚೂರುಗಳು’ ಎಂದು ಬರೆದು ಕೈ ತೊಳೆದುಕೊಂಡಿದ್ದರು. ಪಿರ್ನಾತ್ ಅದನ್ನು ಮೇಜಿನ ಮೇಲೆ ಕೊಡವಿದ. ಪತ್ರಿಕೆಯಿಂದ ಕತ್ತರಿಸಿದ ಅಕ್ಷರಗಳು. ದಪ್ಪನವು, ಸಣ್ಣವು, ಕೆಂಪು, ಕಪ್ಪು, ಒಟ್ಟು ಹದಿನೇಳು. ಹದಿನೇಳೂ ಒಂದೇ ಅಕ್ಷರ.

“ಏನಿದು?”

“ನನ್ನ ಹೆಸರಿನ ಬಾಲ.”

ಅವಳು ಒಂದು ಚೂರನ್ನು ಬೆರಳ ತುದಿಗೆ ಅಂಟಿಸಿಕೊಂಡು ಎತ್ತಿ ತೋರಿಸಿದಳು. ಬುಕ್ವಿಚ್ ಎಂಬುದರ ಕೊನೆಯ ಅಕ್ಷರ. ಅದರ ತಲೆಯ ಮೇಲೊಂದು ಪುಟ್ಟ ಓರೆಗೆರೆ.

“ಇನ್ನು ನಿಮ್ಮ ಪತ್ರ ನೋಡಿ.”

ಶೋಕಪತ್ರದ ತಳದಲ್ಲಿ ಅದೇ ಅಕ್ಷರದ ತಲೆಯ ಮೇಲೆ ಓರೆಗೆರೆಯಿರಲಿಲ್ಲ. ಎರಡು ಗೆರೆ ಸೇರಿದ, ತಲೆಕೆಳಗಾದ ಟೋಪಿಯಂಥ ಗುರುತಿತ್ತು.

ಇದು ಅಲ್ಲಿಯವರದ್ದೇ ಆದ ತಕರಾರು. ಸೆವ್ದಾಳಂತೆ ಅದೇ ದೇಶದ ದಕ್ಷಿಣದ ಬೋಸ್ನಿಯಾದ ಕಡೆಯವರಿಗೆ ಟೋಪಿಯ ಚ ಬೇರೆ, ಗೆರೆಯ ಚ ಬೇರೆ; ಕಿವಿಗೂ ಬೇರೆ, ಬಾಯಿಗೂ ಬೇರೆ. ಲ್ಯುಬ್ಲ್ಯಾನಾದ ಸ್ಲೊವೇನಿಯನ್ನರ ಭಾಷೆಯಲ್ಲಿರುವುದು ಟೋಪಿಯದೊಂದೇ. ನಮ್ಮಲ್ಲಿ ಶ, ಷ ಎರಡನ್ನೂ ಒಂದೇ ಬಾಯಲ್ಲಿ ಹೇಳಿ ಮುಗಿಸುತ್ತೇವಲ್ಲ, ಹಾಗೆ ಅವರಿಗೆ ವ್ಯತ್ಯಾಸವೇ ಕೇಳಿಸುವುದಿಲ್ಲ. ದಕ್ಷಿಣದಿಂದ ದುಡಿಯಲು ಬಂದವರ ಹೆಸರಿಗೆಲ್ಲ ಯಾವ ಯೋಚನೆಯೂ ಇಲ್ಲದೆ ಟೋಪಿ ಹಾಕುತ್ತಾರೆ.

“ಇಲ್ಲಿನ ಪತ್ರಿಕೇಲಿ ಗೆರೆ ಚ ಸಿಗೋದು ಅಪರೂಪ,” ಎಂದಳು ಸೆವ್ದಾ. “ನಮ್ಮ ಕಡೆಯೋನು ಯಾರಾದ್ರೂ ಗೋಲ್ ಹೊಡೀಬೇಕು, ಇಲ್ಲಾ ಕಳ್ತನ ಮಾಡಿ ಸಿಕ್ಕಿಬೀಳ್ಬೇಕು. ಅದಕ್ಕೇ ಶನಿವಾರ ಶನಿವಾರ ರೈಲ್ವೆ ಸ್ಟೇಷನ್ನಿಗೆ ಹೋಗಿ ನಮ್ಮ ಕಡೆ ಸರಾಯೆವೋ ಪೇಪರ್ ತರ್ತೀನಿ. ಒಂದು ಪೇಪರಿಂದ ಎರಡು ಮೂರು ಒಳ್ಳೇ ಚ ಸಿಗುತ್ತೆ. ಎಂಟು ವರ್ಷ ಸ್ಕೂಲಲ್ಲಿ ನನ್ನ ಪುಸ್ತಕದ ಮೇಲೆ ಟೀಚರು ಟೋಪಿ ಹಾಕೋರು, ನಾನು ಅಳಿಸೋಳು. ಅವರು ಹಾಕೋರು, ನಾನು ಅಳಿಸೋಳು. ಊರೆಲ್ಲ ಸೇರಿ ನನ್ನ ಹೆಸರಿಗೆ ಟೋಪಿ ಹಾಕಿದೆ, ನಾನೇ ಹಾಕ್ಕೋತೀನಾ?”

“ಮೊದಲನೇ ದಿನಾನೇ ಯಾಕೆ ಹೇಳ್ಲಿಲ್ಲ?”

“ಹೇಳ್ದೆ. ಬರ್ಕೋತಿದ್ದೋನು ಎರಡೂ ಒಂದೇ ತಾನೇ ಅಂದ.”

ಪಿರ್ನಾತ್ ತಲೆ ತಗ್ಗಿಸಿದ. ಬರೆದುಕೊಂಡವನು ಯಾರೆಂದು ಅವನಿಗೆ ಗೊತ್ತಿತ್ತು. ಅವನ ಜಾಗದಲ್ಲಿ ತಾನಿದ್ದರೂ ಅದೇ ಮಾತು ಹೇಳುತ್ತಿದ್ದೆ ಎಂಬುದೂ ಗೊತ್ತಿತ್ತು.

“ಟೋಪಿ ಹೋಗ್ಲಿ,” ಎಂದಳು ಅವಳು. “ಮೊದಲನೇ ಹೆಸರು ನೋಡಿ. ಅದಂತೂ ನಂದೇ ಅಲ್ಲ.”

ಪತ್ರದಲ್ಲಿ ‘ಸೆವ್ದಾ’ ಎಂದಿರಲಿಲ್ಲ. ‘ಸೆವೇದಾ ಬುಕ್ವಿಚ್’ ಎಂದಿತ್ತು. ಸ್ಲೊವೇನಿಯನ್ನಿನಲ್ಲಿ ಸೆವೇದಾ ಎಂದರೆ ‘ಮತ್ತಿನ್ನೇನು’. ಮತ್ತಿನ್ನೇನು ಬುಕ್ವಿಚ್. ಕಚೇರಿಯಲ್ಲಿ ಎಲ್ಲರೂ ಅದನ್ನು ಅವಳದೇ ಕುಚೋದ್ಯ ಅಂದುಕೊಂಡಿದ್ದರು. ಪಂಕ್ ಹುಡುಗಿ, ತನ್ನ ಹೆಸರಿನಲ್ಲೂ ತಮಾಷೆ ಮಾಡುತ್ತಾಳೆ, ಮತ್ತಿನ್ನೇನು ಎಂದು ನಕ್ಕಿದ್ದರು.

“ನಿನ್ನ ತಮಾಷೆ ಅಲ್ವಾ ಇದು?”

“ಈ ಊರಲ್ಲಿ ನಾನು ಎಲ್ಲಾರನ್ನೂ ಗೇಲಿ ಮಾಡಿದೀನಿ. ಗೇಲಿ ಮಾಡದೆ ಬಿಟ್ಟಿರೋದು ಅದೊಂದನ್ನೇ. ನಮ್ಮಜ್ಜಿ ಹೆಸರು ಅದು.”

ಪಿರ್ನಾತ್ ಪತ್ರದ ತಳದ ಹೆಸರನ್ನು ಮತ್ತೆ ಓದಿದ.

ಆ ಹೆಸರನ್ನು ಹಾಗೆ ಬರೆದ ಕೈಯೊಂದು ಅವನಿಗೆ ಗೊತ್ತಿತ್ತು. ಅದು ಈಗ ಅವನ ಮುಂದೆಯೇ, ಮೇಜಿನ ಮೇಲೆ, ಬೆಂಕಿಪೊಟ್ಟಣದ ಪಕ್ಕದಲ್ಲಿತ್ತು. ಅವನು ಕೈಯನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡ.

“ಏನಾಯ್ತು?” ಎಂದಳು ಸೆವ್ದಾ.

“ಏನಿಲ್ಲ. ಊಟ ತರಿಸ್ತೀನಿ. ಬುರೆಕ್ ತಿಂತೀಯಾ?”

“ಮಾಂಸದ್ದಾದ್ರೆ ತಿಂತೀನಿ. ಚೀಸಿಂದು ತಂದ್ರೆ ವಾಪಸ್ ಕಳಿಸ್ತೀನಿ.”

ಅವನು ಎದ್ದು ಹೊರಬಂದ. ಅವಳಿಗೆ ಹೇಳಬೇಕಾದದ್ದನ್ನು ಹೇಳುವ ಧೈರ್ಯ ಬರಲಿಲ್ಲ.

೧೯೭೭. ಚಳಿಗಾಲ. ಜಾಕೆಟ್ಟಿಗೆ ಪಿನ್ನು ಚುಚ್ಚಿಕೊಂಡ ಮಕ್ಕಳನ್ನು ಹಿಡಿದು ತರುವುದು ಆಗಿನ್ನೂ ಹೊಸ ಕೆಲಸ. ಹದಿನೇಳರ ಒಂದು ಹುಡುಗಿ ಪಿರ್ನಾತನ ಮೇಜಿನ ಮುಂದೆ ನಿಂತಿದ್ದಳು. ಹೆಸರು ಹೇಳ್ತೀಯಾ ಎಂದು ಅವನು ಗದರಿದ. ಅವಳು ಸೆವ್ದಾ ಎಂದಳು. ಅವನಿಗೆ ಕೇಳಿಸಿದ್ದು ಸೆವೇದಾ, ಮತ್ತಿನ್ನೇನು. ಸೊಕ್ಕು ನೋಡು ಅಂದುಕೊಂಡು, ಬುದ್ಧಿ ಬರಲಿ ಎಂದು, ಪೊಲೀಸ್ ದಾಖಲೆಯ ಚೀಟಿಯಲ್ಲಿ ಅದನ್ನೇ ಹೆಸರಾಗಿ ಬರೆದ. ಗುರುತಿನ ಪತ್ರ ಬಂದಾಗ ನಿಜ ತಿಳಿದು ಕೋಣೆಯಲ್ಲಿದ್ದ ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಸ ಚೀಟಿ ಬರೆದದ್ದಾಯಿತು. ಹಳೆಯದನ್ನು ಹರಿದು ಹಾಕುವ ಬದಲು ಚೀಟಿಗಳ ಡಬ್ಬಿಯಲ್ಲಿ ಹಿಂದಕ್ಕೆ ತಳ್ಳಿದ್ದಾಯಿತು. ಹುಡುಗಿ ತುಟಿ ಕಚ್ಚಿಕೊಂಡು ನಿಂತೇ ಇದ್ದಳು. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ.

ಆ ನಾಲ್ವರಲ್ಲಿ ಇಬ್ಬರು ಈಗ ಮಣ್ಣಿನಲ್ಲಿದ್ದರು. ಉಳಿದವರು ಪಿರ್ನಾತ್ ಮತ್ತು, ಈಗ ವಿಭಾಗದ ಮುಖ್ಯಸ್ಥನಾಗಿರುವ, ದ್ರಾಗೊ ಕೊಬಾಲ್.

ದಾಖಲೆ ಕೋಣೆ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಮೂವತ್ತು ವರ್ಷದಿಂದ ಕೂತಿರುವ ಪಾವ್ಲಾ ಓಗ್ರಿಜೆಕ್ ಆ ಕಟ್ಟಡದ ಚಿತ್ರಗುಪ್ತ. ಊರಿನವರ ಪಾಪವೆಲ್ಲ ಅವಳ ಕಪಾಟಿನಲ್ಲಿ. ಅವಳು ಹೆಣೆಯುತ್ತಿದ್ದ ಕಾಲುಚೀಲ ಕೆಳಗಿಟ್ಟು ಕನ್ನಡಕದ ಮೇಲಿಂದ ನೋಡಿದಳು.

“ಏನಯ್ಯಾ ಲುಡ್ವಿಕ್, ದಾರಿ ತಪ್ಪಿತಾ?”

“ಎಪ್ಪತ್ತೇಳರ ಚೀಟಿ ಡಬ್ಬಿ ಬೇಕಿತ್ತು, ಪಾವ್ಲಾ. ಬ ಅಕ್ಷರದ್ದು.”

“ಇನ್ನೊಂದ್ಸಲವಾ?”

“ಇನ್ನೊಂದ್ಸಲ ಅಂದ್ರೆ?”

“ಹೋದ ತಿಂಗಳ ಕೊನೇಲಿ ತಗೊಂಡಿದ್ಯಲ್ಲ. ನಾನಿರ್ಲಿಲ್ಲ, ತಂಗಿ ಮನೇಲಿ ಕೋಸು ಹುಳಿ ಹಾಕೋಕೆ ಹೋಗಿದ್ದೆ, ಈ ತಿಂಗಳು ಮೂರಕ್ಕೆ ಬಂದಿದ್ದು. ಇಪ್ಪತ್ತು ಜನ, ನಾಲ್ಕು ಪೀಪಾಯಿ ಕೋಸು, ಬೆನ್ನು ಇನ್ನೂ ನೆಟ್ಟಗಾಗಿಲ್ಲ. ಆದ್ರೆ ರಿಜಿಸ್ಟರಲ್ಲಿ ನಿನ್ನ ಸಹಿ ಇದೆ.”

ಅವಳು ಪುಸ್ತಕ ತಿರುಗಿಸಿ ಮುಂದಿಟ್ಟಳು. ಅಕ್ಟೋಬರ್ ೨೭. ೧೯೭೭ರ ಡಬ್ಬಿ, ಬ. ಲು. ಪಿರ್ನಾತ್. ಸಹಿಯ ಕೊನೆಯಲ್ಲಿ ಅವನು ಎಳೆಯುವ ಉದ್ದನೆಯ ಬಾಲವೂ ಇತ್ತು. ಆದರೆ ಪಿರ್ನಾತ್ ಈ ವರ್ಷ ನೆಲಮಾಳಿಗೆಗೆ ಇಳಿದದ್ದು ಇದೇ ಮೊದಲು.

“ಈ ಕೋಣೆ ಕೀಲಿ ಯಾರ್ಯಾರ ಹತ್ರ ಇದೆ?”

“ಹೊಸದಾಗಿ ಸೇರಿದೋನ ಹಾಗೆ ಕೇಳ್ತೀಯಲ್ಲ. ನನ್ನ ಹತ್ರ, ನಿನ್ನ ಹತ್ರ, ಕೊಬಾಲ್ ಹತ್ರ. ಯಾಕಪ್ಪಾ, ಮುಖ ಹೀಗೆ ಬಿಳಿಚ್ಕೊಂಡಿದೆ? ಏನಾದ್ರೂ ತಿಂದ್ಯಾ?”

ಚೀಟಿ ಡಬ್ಬಿಯಲ್ಲಿ ಎಲ್ಲಕ್ಕಿಂತ ಮುಂದೆ ಬಂದು ಕೂತಿತ್ತು. ‘ಸೆವೇದಾ ಬುಕ್ವಿಚ್, ೧೭ ವರ್ಷ, ಕೂಲಿಕಾರನ ಮಗಳು.’ ಬಾಲದ ಅಕ್ಷರದ ತಲೆಯ ಮೇಲೆ ಟೋಪಿ. ಎಲ್ಲವೂ ಅವನದೇ ಕೈಬರಹ. ಲೋಕದಲ್ಲಿ ಈ ಹೆಸರು ಇದ್ದದ್ದು ಈ ಒಂದೇ ಚೀಟಿಯಲ್ಲಿ. ಶೋಕಪತ್ರ ಮಾಡಿದವನು ಹುಡುಗಿಯ ಹೆಸರು ತಿಳಿಯಲು ಇದನ್ನೇ ತೆರೆದು, ನೋಡಿದ್ದನ್ನು ನೋಡಿದ ಹಾಗೆಯೇ ಅಂಟಿಸಿದ್ದ. ಸ್ಲೊವೇನಿಯನ್. ಅದರಲ್ಲೂ ಈ ಕಟ್ಟಡದವನು.

“ಅಷ್ಟೊಂದು ಧೂಳಲ್ಲಿ ಏನು ಹುಡುಕ್ತಿದೀಯ, ಮಾರಾಯ?”

ಬಾಗಿಲಲ್ಲಿ ಕೊಬಾಲ್ ನಿಂತಿದ್ದ. ಐವತ್ತರ ಗಂಡಸು, ಮದುವೆಮನೆಗೆ ಹೊರಟವನ ಹಾಗೆ ಇಸ್ತ್ರಿ, ಅತ್ತರು. ಪಾವ್ಲಾಳಿಗೆ ಐದು ನಿಮಿಷ ಗಾಳಿಗೆ ಹೋಗಿ ಬಾ ಎಂದ. ಅವಳು ಹೆಣಿಗೆ ಎತ್ತಿಕೊಂಡು, ಇಬ್ಬರನ್ನೂ ಒಮ್ಮೆ ನೋಡಿ ಹೋದಳು.

“ಮೇಲೆ ಬಾ. ಕಾಫಿ ಇದೆ. ಬಾರ್ಲಿ ನೀರಲ್ಲ, ನಿಜವಾದ್ದು.”

“ದ್ರಾಗೊ, ಈ ಚೀಟಿ ನೆನಪಿದ್ಯಾ?”

ಕೊಬಾಲ್ ನೋಡಿದ. ನೆನಪು ಮಾಡಿಕೊಳ್ಳಲು ಅವನಿಗೆ ಹೊತ್ತೇ ಬೇಕಾಗಲಿಲ್ಲ. “ಓ,” ಎಂದು ನಕ್ಕ. “ಮತ್ತಿನ್ನೇನು ಬುಕ್ವಿಚ್. ಎಷ್ಟು ನಕ್ಕಿದ್ವಿ ಅವತ್ತು.”

“ಪೋಸ್ಟರಲ್ಲೂ ಹೀಗೇ ಇದೆ. ಆರು ದಿನದಿಂದ ನೋಡ್ತಿದೀಯ. ಒಂದ್ಸಲಾನೂ ನೆನಪಾಗ್ಲಿಲ್ವಾ?”

“ನಿನಗೆ ಆಯ್ತಾ?”

ಕೊಬಾಲ್ ಪಾವ್ಲಾಳ ಕುರ್ಚಿಯಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿ ಅಲ್ಲಾಡಿಸತೊಡಗಿದ.

“ಇದನ್ನ ತಗೊಂಡೋಗಿ ಹ್ರೆನ್ ಮುಂದಿಡ್ತೀಯ. ಸರಿ. ಅವಳು ಏನು ಕೇಳ್ತಾಳೆ? ಯಾರ ಕೈಬರಹ ಅಂತ. ನಂದು ಅಂತೀಯ. ಡಬ್ಬಿ ಯಾರು ತೆಗೆದ್ರು ಅಂತ. ನನ್ನ ಸಹಿ ಇದೆ ಅಂತೀಯ.”

“ಆ ಸಹಿ ನಂದಲ್ಲ.”

“ಅಂತ ಎಲ್ಲ ಕಳ್ಳರೂ ಹೇಳ್ತಾರೆ. ನೀನೇ ಎಷ್ಟು ಜನರ ಬಾಯಲ್ಲಿ ಕೇಳಿಲ್ಲ?”

“ರಿಜಿಸ್ಟರಲ್ಲಿ ಸಹಿ ಇದೆ ಅಂತ ನಿನಗೆ ಹೇಗೆ ಗೊತ್ತು, ದ್ರಾಗೊ?”

ಕೊಬಾಲ್‌ನ ಕಾಲು ಅಲ್ಲಾಡುವುದು ನಿಂತಿತು. ಅವನು ಮೇಜಿನ ಮೇಲೆ ತೆರೆದೇ ಬಿದ್ದಿದ್ದ ಪುಸ್ತಕವನ್ನು ಗಲ್ಲದಿಂದ ತೋರಿಸಿದ. “ನನ್ನ ಕಣ್ಣು ಚೆನ್ನಾಗಿದೆ. ಕನ್ನಡಕ ಇಲ್ಲ ನೋಡು.”

ತನಗೆ ತಲೆಕೆಳಗಾಗಿದ್ದ ಪುಸ್ತಕದ ಸಹಿಯನ್ನು ಬಗ್ಗಿಯೂ ನೋಡದೆ ಓದಲು ಗಿಡುಗನ ಕಣ್ಣೇ ಬೇಕು. ಪಿರ್ನಾತ್ ಪುಸ್ತಕ ಮುಚ್ಚಿದ.

“ಎಂಟು ತಿಂಗಳು,” ಎಂದ ಕೊಬಾಲ್, ಅಣ್ಣ ತಮ್ಮನಿಗೆ ಹೇಳುವ ಹಾಗೆ. “ಆಮೇಲೆ ಪೆನ್ಷನ್. ಮೀನು ಹಿಡಿ, ದ್ರಾಕ್ಷಿ ಬೆಳಿ. ಚೀಟಿ ಎಲ್ಲಿತ್ತೋ ಅಲ್ಲಿಡು. ಆ ಹುಡುಗಿ ನಿನಗೇನಾಗ್ಬೇಕು?”

“ಏನೂ ಆಗ್ಬೇಕಿಲ್ಲ.”

“ಮತ್ತೆ? ಈ ಊರಲ್ಲಿ ನಾನು ಬಿಟ್ರೆ ನಿನಗೆ ಯಾರಿದಾರೆ, ಲುಡ್ವಿಕ್?”

ಬೈದಿದ್ದರೆ ಪಿರ್ನಾತ್ ತಡೆದುಕೊಳ್ಳುತ್ತಿದ್ದ. ಈ ಮಾತು ನಿಜವಾಗಿತ್ತು, ಅದಕ್ಕೇ ನೋವಾಯಿತು. ಅವನು ಚೀಟಿಯನ್ನು ಜೇಬಿಗೆ ಹಾಕಿಕೊಂಡ, ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡ, ಮೆಟ್ಟಿಲು ಹತ್ತಿದ. ಕೊಬಾಲ್ ತಡೆಯಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಅವನ ಹೆಜ್ಜೆಯ ಸದ್ದು ಹಿಂದೆಯೇ ಬರತೊಡಗಿತು.

ಹ್ರೆನ್ ಎಂದರೆ ಆ ಕಡೆ ಹಂದಿಮಾಂಸಕ್ಕೆ ತುರಿದು ಹಾಕಿಕೊಳ್ಳುವ ಗೆಡ್ಡೆ. ಒಂದು ಚಿಟಿಕೆ ಹೆಚ್ಚಾದರೆ ಮೂಗಿನಿಂದ ನೆತ್ತಿಗೇರಿ ಕಣ್ಣೀರು ತರಿಸುತ್ತದೆ. ನ್ಯಾಯಾಧೀಶೆ ಹೆಲೆನಾ ಹ್ರೆನ್ ಕುಲದ ಹೆಸರಿಗೆ ತಕ್ಕವಳು ಎಂದು ವಕೀಲರು ಬೆನ್ನ ಹಿಂದೆ ಹೇಳುತ್ತಿದ್ದರು. ಸರಿಯಾಗಿ ಎರಡು ಗಂಟೆಗೆ ಆಕೆ ಕನ್ನಡಕ ಏರಿಸಿ, ಟೈಪಿಸ್ಟಿಗೆ ಕಣ್ಣು ಸನ್ನೆ ಮಾಡಿದಳು. ಕೊಬಾಲ್ ವಿಭಾಗದ ಮುಖ್ಯಸ್ಥನಾಗಿ ಕಿಟಕಿಯ ಬಳಿ ಕೂತ.

ಪಿರ್ನಾತ್ ಒಂದೊಂದಾಗಿ ಮೇಜಿನ ಮೇಲಿಟ್ಟ. ಶೋಕಪತ್ರ. ಬೆಂಕಿಪೊಟ್ಟಣ. ೧೯೭೭ರ ಚೀಟಿ. ರಿಜಿಸ್ಟರ್. ಗೆರೆಯ ಚ, ಟೋಪಿಯ ಚ, ಸೆವ್ದಾ, ಸೆವೇದಾ ಎಲ್ಲವನ್ನೂ ಬಿಡಿಸಿ ಹೇಳಿದ. ತಾನು ಆ ಹುಡುಗಿಯನ್ನು ನಿಲ್ಲಿಸಿಕೊಂಡು ನಕ್ಕದ್ದನ್ನೂ ಬಿಡಲಿಲ್ಲ.

ಹ್ರೆನ್ ಹದಿನೇಳು ಅಕ್ಷರಗಳನ್ನು ಬೆರಳಿನಿಂದ ಸಾಲಾಗಿ ಜೋಡಿಸುತ್ತ ಕೇಳಿದಳು. ಕೇಳಿ ಮುಗಿಸಿ, ಒಂದು ಅಕ್ಷರವನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡಳು.

“ಇಷ್ಟು ಕಷ್ಟಪಟ್ಟು ತನ್ನ ಹೆಸರು ಕೂಡಿಟ್ಟುಕೊಂಡೋಳು ಅದನ್ನ ಹೀಗೆ ಕೆಡಿಸ್ಕೊಳ್ಳಲ್ಲ. ಒಪ್ಪಿದೆ. ಆದ್ರೆ ಕಾಮ್ರೇಡ್ ಪಿರ್ನಾತ್, ನಾನು ಕೇಳಿದ್ದು ಇನ್ನೊಬ್ಬ ಮನುಷ್ಯನ್ನ. ನೀವು ತಂದಿರೋದು ನಿಮ್ಮನ್ನೇ.”

“ಹೌದು.”

“ಸಹಿ ನಿಮ್ಮದಾ?”

“ಚೀಟಿ ನಂದು. ರಿಜಿಸ್ಟರಿನ ಸಹಿ ನಂದಲ್ಲ.”

“ಕೀಲಿ ಇರೋರು ಮೂವರು. ಪಾವ್ಲಾ ಓಗ್ರಿಜೆಕ್ ಕೋಸಿನ ಪೀಪಾಯಿ ಹತ್ರ ಇದ್ರು, ಇಪ್ಪತ್ತು ಸಾಕ್ಷಿ. ನೀವು? ಸತ್ತವರ ದಿನ ಸಂಜೆ ಆರರಿಂದ ಹತ್ತರವರೆಗೆ ಎಲ್ಲಿದ್ರಿ?”

“ಮನೇಲಿ.”

“ಯಾರ ಜೊತೆ?”

ಟೈಪಿಸ್ಟಿನ ಬೆರಳುಗಳು ಕೀಲಿಗಳ ಮೇಲೆ ಕಾದು ನಿಂತವು. ಒಂದು ಹೆಸರು ಬೇಕಿತ್ತು. ಊರಿನ ಕುಡುಕರಿಗೂ ಆ ಸಂಜೆ ಯಾವುದಾದರೂ ಗೋರಿಯ ಬಳಿ ಅಕ್ಕನೋ ಭಾವನೋ ಪಕ್ಕದಲ್ಲಿದ್ದರು. ಪಿರ್ನಾತನ ಅಪ್ಪ ಅಮ್ಮನ ಗೋರಿಗಳಿದ್ದದ್ದು ಕೊಚೆವ್ಯೆಯ ಕಾಡಿನಾಚೆ. ಪೆಟ್ರೋಲ್ ಕೂಪನ್ ಮುಗಿದಿದ್ದರಿಂದ ಹೋಗಿರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಎರಡು ಮೋಂಬತ್ತಿ ಹಚ್ಚಿ, ಅವರೆಕಾಳಿನ ಸಾರು ಬಿಸಿ ಮಾಡಿಕೊಂಡು, ಅವು ಉರಿದು ಮುಗಿಯುವವರೆಗೂ ಕೂತಿದ್ದ. ಅದನ್ನು ಕಂಡವರು ಯಾರು?

ಹನ್ನೆರಡು ವರ್ಷ ಅವನು ಈ ಪ್ರಶ್ನೆಗೆ ಹೆದರಿದ್ದ. ಬೆಳಿಗ್ಗೆ ಕಚೇರಿಯಲ್ಲಿ ಭಾನುವಾರ ಏನ್ಮಾಡಿದ್ರಿ ಎಂದು ಕೇಳಿದರೆ ನೆಂಟರು ಬಂದಿದ್ದರು ಎನ್ನುತ್ತಿದ್ದ.

“ಅವನು ಸಂಕೋಚದ ಮನುಷ್ಯ, ಕಾಮ್ರೇಡ್ ನ್ಯಾಯಾಧೀಶರೇ,” ಎಂದ ಕೊಬಾಲ್ ಕಿಟಕಿಯ ಬಳಿಯಿಂದ. ದನಿ ಬೆಣ್ಣೆಯಷ್ಟು ಮೃದು. “ನಾನೇ ಹೇಳ್ತೀನಿ. ಆ ಸಂಜೆ ಲುಡ್ವಿಕ್ ನನ್ನ ಮನೇಲಿದ್ದ. ನನ್ನ ಹೆಂಡತಿ ತವರಿಗೆ ಹೋಗಿದ್ಲು. ಆರಕ್ಕೆ ಬಂದ, ಹತ್ತಕ್ಕೆ ಹೋದ. ಇಬ್ಬರೇ ಕೂತು ಇಸ್ಪೀಟ್ ಆಡಿದ್ವಿ.”

ಟೈಪ್‌ರೈಟರ್ ಟಪಟಪನೆ ಅದನ್ನು ಬರೆದುಕೊಂಡಿತು.

ಪಿರ್ನಾತ್ ತಿರುಗಿ ನೋಡಿದ. ಕೊಬಾಲ್‌ನ ಮುಖದಲ್ಲಿ ಸ್ನೇಹವೇ ಇತ್ತು. ಇಷ್ಟು ವರ್ಷದಲ್ಲಿ ಅವನು ಪಿರ್ನಾತನನ್ನು ಒಮ್ಮೆಯೂ ಮನೆಗೆ ಕರೆದಿರಲಿಲ್ಲ. ಅವನ ಮನೆಯ ಬಾಗಿಲಿನ ಬಣ್ಣ ಯಾವುದೆಂದೂ ಪಿರ್ನಾತನಿಗೆ ಗೊತ್ತಿರಲಿಲ್ಲ.

“ಹಾಗಿದ್ರೆ ಮೂವರೂ ಬೇರೆ ಕಡೆ ಇದ್ರಿ,” ಎಂದಳು ಹ್ರೆನ್. “ಈ ಚೀಟಿಯಿಂದ ಏನೂ ಸಾಬೀತಾಗಲ್ಲ. ಯಾವನೋ ಹಳೇ ತಮಾಷೆನ ಹೊರಗೆ ಹೇಳಿದಾನೆ, ಅದು ಹುಡುಗಿ ಕಿವಿಗೂ ಬಿದ್ದಿರಬಹುದು. ಅವಳನ್ನ ಜೈಲಿಗೆ ಕಳಿಸ್ಬೇಕಾಗುತ್ತೆ.” ಆಕೆ ಪೆನ್ನೆತ್ತಿಕೊಂಡಳು. “ಕಾಮ್ರೇಡ್ ಪಿರ್ನಾತ್, ಅವರು ಹೇಳಿದ್ದು ನಿಜ ತಾನೆ? ಹೌದು ಅಂದ್ರೆ ಸಾಕು.”

ಹೌದು ಎಂದರೆ ಎಂಟು ತಿಂಗಳು, ಪೆನ್ಷನ್. ಹೌದು ಎಂದರೆ ಅವನಿಗೂ ಒಂದು ಸಂಜೆಯ ಗೆಳೆಯನಿರುತ್ತಾನೆ, ಸರ್ಕಾರಿ ಕಾಗದದ ಮೇಲೆ, ಮೂರು ಪ್ರತಿಗಳಲ್ಲಿ.

“ಇಲ್ಲ,” ಎಂದ ಪಿರ್ನಾತ್. “ನಾನು ಯಾರ ಮನೆಗೂ ಹೋಗಿರ್ಲಿಲ್ಲ. ನನ್ನ ಯಾರೂ ಕರೆಯಲ್ಲ. ನಾನೊಬ್ನೇ ಇದ್ದೆ.”

ಮಾತು ಹೊರಬಂದಮೇಲೆ ಅಂದುಕೊಂಡಷ್ಟು ನಾಚಿಕೆಯಾಗಲಿಲ್ಲ.

ಹ್ರೆನ್ ಕೈಯಲ್ಲಿದ್ದ ಅಕ್ಷರವನ್ನು ಸಾಲಿಗೆ ಸೇರಿಸಿದಳು. ಆಮೇಲೆ ಹುಡುಗಿಯ ಬಿಡುಗಡೆಯ ಕಾಗದ ಎಳೆದುಕೊಂಡು ಸಹಿ ಮಾಡಿದಳು.

“ನಿಮ್ಮ ಗುರುತಿನ ಚೀಟಿ, ಕೀಲಿ, ಸೊಂಟದ ಪಟ್ಟಿ, ಮೂರನ್ನೂ ಮೇಜಿನ ಮೇಲಿಡಿ, ಕಾಮ್ರೇಡ್ ಪಿರ್ನಾತ್. ಸಾಕ್ಷಿ ಇಲ್ದೋರನ್ನ ನಾನು ಮನೆಗೆ ಕಳಿಸೋ ಹಾಗಿಲ್ಲ.”

ಪಿರ್ನಾತ್ ಪಟ್ಟಿ ಬಿಚ್ಚತೊಡಗಿದ. ಹ್ರೆನ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿದಳು.

“ಇನ್ನು ನೀವು ಹೇಳಿ, ಕಾಮ್ರೇಡ್ ಕೊಬಾಲ್. ಇವರು ಬರ್ಲಿಲ್ಲ ಅಂದ್ಮೇಲೆ ಆ ನಾಲ್ಕು ಗಂಟೆ ನೀವು ಇಸ್ಪೀಟ್ ಆಡಿದ್ದು ಯಾರ ಜೊತೆ?”